ಕಮಿಷನ್ ಕೊಡುವ ಧಣಿಗಳೇ, ಮೊದಲು ಕರಾರನ್ನು ಕನ್ನಡದಲ್ಲಿ ಬರೆಯಿರಿ!

ಕನ್ನಡಿಗ ವ್ಯಾಪಾರಿ ಬಂಧುಗಳೇ,

ಈ ಮಾತು ನಿಮಗೆ. ಕಾಫಿಪುಡಿ ಅಂಗಡಿಯವರಿಗೆ, ಹಪ್ಪಳ ಸಂಡಿಗೆ ಮಾಡಿ ಮಾರುವ ಅಕ್ಕಂದಿರಿಗೆ, ಪುಸ್ತಕ ಪ್ರಕಾಶಕರಿಗೆ, ಇಳಕಲ್ ಸೀರೆ ನೇಯಿಸಿ ಮಾರುವವರಿಗೆ, ಚನ್ನಪಟ್ಟಣದ ಗೊಂಬೆಯವರಿಗೆ. ನಿಮ್ಮಲ್ಲಿ ಅನೇಕರ ಕಿವಿಯಲ್ಲಿ ಯಾರೋ ಒಬ್ಬ ಟೈ ಕಟ್ಟಿದ ಸಲಹೆಗಾರ ಈಗಾಗಲೇ ಊದಿರಬೇಕು: "ಸಾರ್, ಜಾಹೀರಾತಿಗೆ ಯಾಕೆ ದುಡ್ಡು ಸುರಿಯುತ್ತೀರಿ? ಅಫಿಲಿಯೇಟ್ ಪ್ರೋಗ್ರಾಂ ಶುರು ಮಾಡಿ. ಊರೂರಿನ ಹುಡುಗರು ನಿಮ್ಮ ಮಾಲಿನ ಲಿಂಕ್ ಹಂಚುತ್ತಾರೆ. ಮಾರಾಟವಾದರೆ ಕಮಿಷನ್, ಆಗದಿದ್ದರೆ ಒಂದು ಪೈಸೆಯೂ ಖರ್ಚಿಲ್ಲ!"

ಸಲಹೆಯೇನೋ ಒಳ್ಳೆಯದೇ. ಮಾಡಿ, ಖಂಡಿತ ಮಾಡಿ. ಆದರೆ ಆ ಮಹಾಶಯ ಸಲಹೆಯ ಜೊತೆಗೆ ಒಂದು ಕರಾರುಪತ್ರವನ್ನೂ ಕೊಟ್ಟಿರುತ್ತಾನೆ. ಹದಿನೆಂಟು ಪುಟ, ಪೂರ್ತಿ ಇಂಗ್ಲಿಷ್, ಅಮೆರಿಕದ ಯಾವುದೋ ಕಂಪನಿಯದನ್ನು ಎತ್ತಿ ಹೆಸರು ಬದಲಿಸಿದ್ದು. ಅದನ್ನು ನೀವೂ ಓದಿಲ್ಲ, ಅದಕ್ಕೆ ಒಪ್ಪಿಗೆ ಒತ್ತುವ ಹುಡುಗನೂ ಓದುವುದಿಲ್ಲ. ನಮ್ಮ ತಕರಾರು ಇರುವುದು ಆ ಹದಿನೆಂಟು ಪುಟದ ಮೇಲೆ.

ಇದೇನು ಹೊಸ ವಿದ್ಯೆಯೇ? ಹೆದ್ದಾರಿಯ ಹೋಟೆಲಿನಲ್ಲಿ ಬಸ್ಸು ನಿಲ್ಲಿಸಿದ ಚಾಲಕನಿಗೆ ಬಿಟ್ಟಿ ಊಟ ಯಾಕೆ ಸಿಗುತ್ತದೆ? ಮೈಸೂರಿನ ಅರಮನೆ ಮುಂದೆ ಪ್ರವಾಸಿಗರನ್ನು ಹತ್ತಿಸಿಕೊಂಡ ಆಟೋ, ಕೇಳದೆಯೇ ರೇಷ್ಮೆ ಸೀರೆ ಅಂಗಡಿಯ ಮುಂದೆ ಯಾಕೆ ನಿಲ್ಲುತ್ತದೆ? ಗಿರಾಕಿ ತಂದವನಿಗೆ ಪಾಲು ಕೊಡುವ ಪದ್ಧತಿ ನಮ್ಮ ಪೇಟೆಗಳಿಗೆ ಅಜ್ಜನ ಕಾಲದ್ದು. ಆದರೆ ಅಲ್ಲಿ ಚಾಲಕನೂ ಅಂಗಡಿಯವನೂ ಮುಖ ನೋಡಿ ಮಾತಾಡಿರುತ್ತಾರೆ. ಈ ಸಲ ಮೋಸ ಮಾಡಿದರೆ ಮುಂದಿನ ಸಲ ಬಸ್ಸು ಪಕ್ಕದ ಹೋಟೆಲಿನಲ್ಲಿ ನಿಲ್ಲುತ್ತದೆ ಎಂಬ ಭಯ ಮಾಲೀಕನಿಗಿರುತ್ತದೆ. ಅಂತರಜಾಲದ ಕಮಿಷನ್ ವ್ಯವಹಾರದಲ್ಲಿ ಮುಖವೂ ಇಲ್ಲ, ಭಯವೂ ಇಲ್ಲ. ಇರುವುದೊಂದು ಕರಾರು. ಅದರ ಒಂದು ತುದಿ ಧಣಿಯ ಕೈಯಲ್ಲಿದೆ, ಇನ್ನೊಂದು ತುದಿಯೂ ಧಣಿಯ ಕೈಯಲ್ಲೇ ಇದೆ!

ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ಈ ವ್ಯವಹಾರದ ಹಿರಿಯಣ್ಣನ ಕಥೆ ಕೇಳಿ. ಅಮೆರಿಕದಲ್ಲಿ 1994ರಲ್ಲೇ ಸಿಡಿನೌ ಎಂಬ ಸಂಗೀತದ ಅಂಗಡಿ ಬೇರೆಯವರ ತಾಣಗಳಿಂದ ಗಿರಾಕಿ ಪಡೆದು ಕಮಿಷನ್ ಕೊಡತೊಡಗಿತ್ತು. 1996ರ ಜುಲೈನಲ್ಲಿ ಅಮೆಜಾನ್ ತನ್ನ 'ಅಸೋಸಿಯೇಟ್ಸ್' ಯೋಜನೆ ತೆರೆಯಿತು. ಆಗ ಅದು ಬರೀ ಪುಸ್ತಕದ ಅಂಗಡಿ. ತೋಟಗಾರಿಕೆಯ ಬಗ್ಗೆ ಬರೆಯುವವನು ತೋಟಗಾರಿಕೆಯ ಪುಸ್ತಕ ಸೂಚಿಸಿದ, ಓದುಗ ಕೊಂಡ, ಬರೆದವನಿಗೆ ನಾಲ್ಕು ಕಾಸು. ಎಂಥ ಚಂದದ ಏರ್ಪಾಡು! ಲಕ್ಷಾಂತರ ಜನ ಸೇರಿಕೊಂಡರು. ಅಮೆಜಾನ್ ಬೆಳೆದದ್ದು ಇವರ ಹೆಗಲ ಮೇಲೂ ಹೌದು.

ಬೆಳೆದ ಮೇಲೆ ಏನಾಯಿತು? 2011ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಮಾರಾಟ ತೆರಿಗೆಯ ಹೊಸ ಕಾನೂನು ತಂದಿತು. ರಾಜ್ಯದೊಳಗೆ ಅಫಿಲಿಯೇಟ್‌ಗಳಿದ್ದರೆ ಕಂಪನಿ ತೆರಿಗೆ ವಸೂಲಿ ಮಾಡಬೇಕು ಎಂದಿತು. ಅಮೆಜಾನ್ ಏನು ಮಾಡಿತು ಗೊತ್ತೇ? ಆ ರಾಜ್ಯದ ಅಫಿಲಿಯೇಟ್‌ಗಳನ್ನೆಲ್ಲ ಒಂದೇ ಏಟಿಗೆ ಕಿತ್ತು ಹಾಕಿತು. ಸರ್ಕಾರದೊಂದಿಗೆ ರಾಜಿಯಾದ ಮೇಲೆ ಮತ್ತೆ ಬನ್ನಿ ಎಂದು ಕರೆಯಿತು. ಆನೆಗಳ ಜಗಳದಲ್ಲಿ ಹುಲ್ಲು ತುಳಿಸಿಕೊಂಡಿತು.

ಮತ್ತೊಂದು ಕೇಳಿ. 2020ರ ಏಪ್ರಿಲ್. ಕೊರೊನಾ. ಜಗತ್ತೇ ಬಾಗಿಲು ಹಾಕಿಕೊಂಡು ಕೂತಿದೆ, ಜನ ಅಂತರಜಾಲದಲ್ಲಿ ಮುಗಿಬಿದ್ದು ಕೊಳ್ಳುತ್ತಿದ್ದಾರೆ. ಅಫಿಲಿಯೇಟ್‌ಗೆ ನಾಲ್ಕು ಕಾಸು ಬರುವ ಕಾಲ. ಆಗಲೇ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣದ ಕಮಿಷನ್ನನ್ನು ಶೇ. 8ರಿಂದ 3ಕ್ಕೂ ದಿನಸಿಯದನ್ನು ಶೇ. 5ರಿಂದ 1ಕ್ಕೂ ಇಳಿಸಿತು. ಎಷ್ಟು ದಿನದ ಮುನ್ಸೂಚನೆ? ಒಂದು ವಾರ! ಇದು ಅನ್ಯಾಯವಲ್ಲವೇ ಎಂದು ಕೇಳಿದರೆ, ಕರಾರಿನಲ್ಲೇ ಇದೆ ನೋಡಿಕೊಳ್ಳಿ ಎಂಬುದೇ ಇಂಥ ಕಡೆ ಸಿಗುವ ಉತ್ತರ. ಹೌದು, ಇತ್ತು. ದರ ಬದಲಿಸುವ ಹಕ್ಕು ತನ್ನದೇ ಎಂದು ಕಂಪನಿ ಮೊದಲೇ ಬರೆಸಿಕೊಂಡಿತ್ತು. ನಿಮ್ಮ ಸಲಹೆಗಾರ ನಕಲು ಮಾಡಿ ತಂದ ಹದಿನೆಂಟು ಪುಟದಲ್ಲೂ ಆ ಸಾಲು ಇದೆ, ಹುಡುಕಿ ನೋಡಿ.

ಅವರು ಅಮೆರಿಕದವರು, ಏನಾದರೂ ಮಾಡಿಕೊಳ್ಳಲಿ. ನೀವು ದಾವಣಗೆರೆಯವರು, ಶಿರಸಿಯವರು, ಕಲಬುರಗಿಯವರು. ನಿಮ್ಮ ಲಿಂಕ್ ಹಂಚುವ ಹುಡುಗ ನಿಮ್ಮ ಊರಿನವನೇ, ನಾಳೆ ಬಸ್ ನಿಲ್ದಾಣದಲ್ಲಿ ಎದುರಾಗುವವನು. ಅವನಿಗೂ ಇದೇ ಸಾಲನ್ನು ತೋರಿಸುತ್ತೀರಾ?

ಈಗ ಲೆಕ್ಕಕ್ಕೆ ಬರೋಣ. ಯಾಕೆಂದರೆ ಕೊಟ್ಟ ಮಾತು ಮುರಿಯುವವರಲ್ಲಿ ಬಹಳ ಮಂದಿ ದುಷ್ಟರಲ್ಲ, ಲೆಕ್ಕ ಹಾಕದೆ ಮಾತು ಕೊಟ್ಟವರು. ಒಂದು ಕಿಲೋ ಕಾಫಿಪುಡಿಯನ್ನು 700 ರೂಪಾಯಿಗೆ ಮಾರುತ್ತೀರಿ ಎನ್ನೋಣ. ಬೀಜ, ಚಿಕೋರಿ, ಹುರಿಯುವ ಖರ್ಚು, ಪೊಟ್ಟಣ ಸೇರಿ 520. ಕೊರಿಯರ್ ಮತ್ತು ಹಣ ಪಾವತಿಯ ಶುಲ್ಕ 80. ಉಳಿದದ್ದು 100. "ಹತ್ತು ಪರ್ಸೆಂಟ್ ಎಲ್ಲರೂ ಕೊಡುತ್ತಾರೆ ಸಾರ್" ಎಂದು ಸಲಹೆಗಾರ ಹೇಳಿದ, ನೀವು ಹೂಂ ಎಂದಿರಿ. ಹತ್ತು ಪರ್ಸೆಂಟ್ ಎಂದರೆ 70 ರೂಪಾಯಿ! ನಿಮಗೆ ಉಳಿದದ್ದು 30. ಹತ್ತು ಪೊಟ್ಟಣದಲ್ಲಿ ಒಂದು ವಾಪಸು ಬಂದರೆ ಅದೂ ಗೋವಿಂದ. ಮೂರು ತಿಂಗಳಿಗೆ ನಿಮಗೆ ಜ್ಞಾನೋದಯವಾಗುತ್ತದೆ, ಕಮಿಷನ್ ಇಳಿಸುತ್ತೀರಿ, ಹುಡುಗ ನಿಮ್ಮನ್ನು ಕಳ್ಳ ಎನ್ನುತ್ತಾನೆ. ಅವನದು ತಪ್ಪೇ?

ಮಾರುವ ಬೆಲೆ ನೋಡಿ ಕಮಿಷನ್ ಗೊತ್ತು ಮಾಡಬೇಡಿ, ಕೈಯಲ್ಲಿ ಉಳಿಯುವ 100 ರೂಪಾಯಿ ನೋಡಿ ಮಾಡಿ. ಜೊತೆಗೆ ಇನ್ನೊಂದು. ಕಾಫಿಪುಡಿ ತಿಂಗಳು ತಿಂಗಳೂ ಬೇಕಾಗುವ ವಸ್ತು. ಹುಡುಗ ತಂದ ಗಿರಾಕಿ ಮುಂದಿನ ತಿಂಗಳು ನೇರವಾಗಿ ನಿಮಗೇ ಫೋನ್ ಮಾಡಿ ತರಿಸಿಕೊಂಡರೆ ಹುಡುಗನಿಗೆ ಪಾಲುಂಟೋ ಇಲ್ಲವೋ? ಬಹುತೇಕ ಜಗಳ ಹುಟ್ಟುವುದು ಇಲ್ಲೇ. ಮೊದಲ ಸಲ 50 ಕೊಡಿ, ಅದೇ ಗಿರಾಕಿ ಮುಂದಿನ ಹನ್ನೊಂದು ತಿಂಗಳು ಕೊಂಡಾಗಲೆಲ್ಲ 20 ಕೊಡಿ. ವರ್ಷಕ್ಕೆ ಆ ಗಿರಾಕಿಯಿಂದ ನಿಮಗೆ ಉಳಿಯುವ 1,200 ರೂಪಾಯಿಯಲ್ಲಿ ಹುಡುಗನಿಗೆ 270 ಹೋಗಿ ನಿಮಗೆ 930 ನಿಲ್ಲುತ್ತದೆ. ಇಬ್ಬರಿಗೂ ಊಟ. ಹುಡುಗನೂ ಒಂದು ಸಲ ಟೋಪಿ ಹಾಕಿ ಓಡದೆ, ಬಿಟ್ಟು ಹೋಗದ ಗಿರಾಕಿಯನ್ನೇ ಹುಡುಕುತ್ತಾನೆ.

ಯಾರು ಯಾವ ಗಿರಾಕಿಯನ್ನು ತಂದರು ಎಂದು ತಿಳಿಯುವುದು ಹೇಗೆ? ದೊಡ್ಡ ಕಂಪನಿಗಳು ಕೊಳ್ಳುವವನ ಕಂಪ್ಯೂಟರಿನಲ್ಲಿ ಕುಕಿ ಎಂಬ ಗುರುತುಚೀಟಿ ಅಂಟಿಸುತ್ತವೆ. ಅಮೆಜಾನಿನ ಚೀಟಿಗೆ ಸಾಮಾನ್ಯವಾಗಿ 24 ಗಂಟೆಯ ಆಯುಸ್ಸು. ಅಷ್ಟರೊಳಗೆ ಗಿರಾಕಿ ಕೊಳ್ಳದಿದ್ದರೆ, ಬುಟ್ಟಿಗೂ ಹಾಕಿಕೊಳ್ಳದಿದ್ದರೆ, ಲಿಂಕ್ ಕೊಟ್ಟವನ ಕೈಗೆ ಚೊಂಬು. ಇನ್ನು ಎರಡು ಚೀಟಿ ಬಿದ್ದರೆ? ಕೊನೆಯಲ್ಲಿ ಅಂಟಿಸಿದವನಿಗೇ ಪೂರ್ತಿ ಪಾಲು ಎಂಬುದು ಈ ದಂಧೆಯ ರೂಢಿ. ಕಳ್ಳತನಕ್ಕೆ ಹೆಬ್ಬಾಗಿಲು ತೆರೆದದ್ದೇ ಈ ರೂಢಿ.

ಈಬೇ ಕಂಪನಿಯ ಅತಿ ದೊಡ್ಡ ಅಫಿಲಿಯೇಟ್ ಎನಿಸಿಕೊಂಡಿದ್ದವನೊಬ್ಬ ಜನರಿಗೆ ಗೊತ್ತಿಲ್ಲದಂತೆ ಅವರ ಕಂಪ್ಯೂಟರುಗಳಿಗೆ ಚೀಟಿ ತುರುಕಿ, ತಾನು ತಾರದ ಗಿರಾಕಿಗಳ ಕಮಿಷನ್ ನುಂಗಿದ. ಅಮೆರಿಕದ ನ್ಯಾಯಾಲಯ 2014ರಲ್ಲಿ ಅವನಿಗೆ ಐದು ತಿಂಗಳ ಜೈಲು ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಪೇಪಾಲ್ ಒಡೆತನದ ಹನಿ ಎಂಬ ರಿಯಾಯಿತಿ ಹುಡುಕುವ ಸಾಧನದ ಮೇಲೆ ಇನ್ನೂ ದೊಡ್ಡ ಆರೋಪ ಬಂತು. ಯೂಟ್ಯೂಬಿನಲ್ಲಿ ವಿಡಿಯೊ ಮಾಡಿ ಗಿರಾಕಿ ತಂದವರ ಚೀಟಿ ಕಿತ್ತು, ಹಣ ಕಟ್ಟುವ ಕೊನೆ ಗಳಿಗೆಯಲ್ಲಿ ತನ್ನ ಚೀಟಿ ಅಂಟಿಸುತ್ತಿತ್ತು ಎಂದು. ಕಂಪನಿ ತಪ್ಪೊಪ್ಪಲಿಲ್ಲ, ಉದ್ಯಮದ ರೂಢಿಯಂತೆಯೇ ನಡೆದಿದ್ದೇವೆ ಎಂದಿತು. ಮೊಕದ್ದಮೆಗಳು ಹೂಡಲ್ಪಟ್ಟವು. 2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಕ್ರೋಮ್ ನಿಯಮವನ್ನೇ ಬಿಗಿ ಮಾಡಬೇಕಾಯಿತು. ಕೊಯ್ದವನು ಒಬ್ಬ, ಕಣದಲ್ಲಿ ರಾಶಿ ಅಳೆದುಕೊಂಡವನು ಇನ್ನೊಬ್ಬ!

ಸಣ್ಣ ವ್ಯಾಪಾರಿಗೆ ಇಷ್ಟೆಲ್ಲ ಯಂತ್ರತಂತ್ರ ಬೇಡ. ಒಬ್ಬೊಬ್ಬರಿಗೂ ಒಂದೊಂದು ಕೂಪನ್ ಪದ ಕೊಡಿ. ಆ ಪದ ಹೇಳಿ ಕೊಂಡ ಗಿರಾಕಿಗೆ ಹತ್ತು ರೂಪಾಯಿ ರಿಯಾಯಿತಿ, ಪದದ ಒಡೆಯನಿಗೆ ಕಮಿಷನ್. ವಾಟ್ಸಾಪಿನಲ್ಲಿ ಬರುವ ಆರ್ಡರಿಗೂ ಇದು ನಡೆಯುತ್ತದೆ, ಅಂಗಡಿಗೇ ಬಂದವರಿಗೂ ನಡೆಯುತ್ತದೆ. ಮಾಲು ವಾಪಸು ಕೊಡುವ ಅವಧಿ ಮುಗಿದ ಮೇಲೆ, ಪ್ರತಿ ತಿಂಗಳು ಗೊತ್ತಾದ ತಾರೀಕಿಗೆ ಹಣ ಹಾಕಿ, ಲೆಕ್ಕದ ಹಾಳೆಯನ್ನೂ ಕಳಿಸಿ. ತೆರಿಗೆಯ ವಿಷಯ ನಿಮ್ಮ ಲೆಕ್ಕಪತ್ರದವರನ್ನು ಕೇಳಿ. ಕಮಿಷನ್ ಮೇಲಿನ ಟಿ.ಡಿ.ಎಸ್. 2024ರ ಅಕ್ಟೋಬರ್ 1ರಿಂದ ಶೇ. 5ರಿಂದ 2ಕ್ಕೆ ಇಳಿದಿದೆ, 2025ರ ಏಪ್ರಿಲ್‌ನಿಂದ ವರ್ಷಕ್ಕೆ 20,000 ದಾಟಿದ ಕಮಿಷನ್ನಿಗೆ ಅನ್ವಯ. ಕಡಿದುಕೊಂಡರೆ ಎಷ್ಟು ಕಡಿದಿರಿ ಎಂದು ಹುಡುಗನಿಗೆ ಹೇಳಿ.

ಸೇರಲು ಶುಲ್ಕ ಮಾತ್ರ ಕೇಳಬೇಡಿ. "ಐದು ಸಾವಿರ ಕಟ್ಟಿ ಸೇರು, ಇನ್ನಿಬ್ಬರನ್ನು ಸೇರಿಸು" ಎನ್ನುವುದು ಅಫಿಲಿಯೇಟ್ ಪ್ರೋಗ್ರಾಂ ಅಲ್ಲ, ಸರಪಳಿ ದಂಧೆ. ಅದಕ್ಕೆ 1978ರಿಂದಲೇ ಕೇಂದ್ರದ ನಿಷೇಧ ಕಾಯಿದೆ ಇದೆ, 2021ರ ನೇರ ಮಾರಾಟ ನಿಯಮಗಳೂ ಇವೆ. ಎಷ್ಟು ಮನೆಗಳಲ್ಲಿ ತಾಯಂದಿರ ಬಳೆ ಅಡವಿಗೆ ಹೋಯಿತು ಎಂಬುದು ಓದುಗರಾದ ನಿಮಗೇ ಗೊತ್ತು.

ಇನ್ನು ಮೈಸೂರಿನ ಆಟೋದ ವಿಷಯ. ಅಲ್ಲಿ ಪ್ರವಾಸಿಗನಿಗೆ ಒಂದು ಸತ್ಯ ಮುಚ್ಚಿಡಲಾಗುತ್ತದೆ, ಆಟೋದವನಿಗೆ ಪಾಲಿದೆ ಎಂಬ ಸತ್ಯ. ಅಂತರಜಾಲದಲ್ಲಿ ಹಾಗೆ ಮುಚ್ಚಿಡುವುದು ಕಾನೂನು ಪ್ರಕಾರ ತಪ್ಪು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ, ಮಾಲನ್ನು ಹೊಗಳುವವನಿಗೂ ಮಾರುವವನಿಗೂ ಇರುವ ಸಂಬಂಧವನ್ನು ಬಯಲು ಮಾಡಬೇಕು ಎನ್ನುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ, ನಮ್ಮವರು ಯಾರೂ ಎತ್ತಿ ಆಡುವುದಿಲ್ಲ: ಜಾಹೀರಾತಿನ ಷರಾ ಜಾಹೀರಾತಿನ ಭಾಷೆಯಲ್ಲೇ ಇರಬೇಕು! ಹತ್ತು ನಿಮಿಷ ಅಚ್ಚಗನ್ನಡದಲ್ಲಿ "ತಗೊಳ್ಳಿ ಅಕ್ಕಾ, ನಮ್ಮ ಮನೇಲೂ ಇದನ್ನೇ ಕುಡಿಯೋದು" ಎಂದು ಹೇಳಿ, ಕೊನೆಗೆ ಇರುವೆಗಾತ್ರದ ಇಂಗ್ಲಿಷಿನಲ್ಲಿ ಸಂಬಂಧ ತೋರಿಸಿ ಜಾರಿಕೊಳ್ಳುವ ಹಾಗಿಲ್ಲ. "ಈ ಪದ ಹೇಳಿ ಕೊಂಡರೆ ನನಗೆ ಕಮಿಷನ್ ಬರುತ್ತದೆ." ಇಷ್ಟು ಹೇಳಲು ನಾಲಿಗೆ ಸವೆಯುತ್ತದೆಯೇ?

ಭಾಷೆಯ ಮಾತು ಬಂತು, ಆದ್ದರಿಂದ ಹೇಳಿಯೇ ಬಿಡೋಣ. ಫ್ಲಿಪ್‌ಕಾರ್ಟ್ ಹುಟ್ಟಿದ್ದು 2007ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಅದರ ಅಂಗಡಿ ಕನ್ನಡ ಮಾತಾಡಿದ್ದು 2020ರಲ್ಲಿ. ಹದಿಮೂರು ವರ್ಷ ಕಾವೇರಿ ನೀರು ಕುಡಿದ ಮೇಲೆ! ಅಮೆಜಾನ್ ಭಾರತಕ್ಕೆ ಬಂದದ್ದು 2013ರಲ್ಲಿ, ಕನ್ನಡ ಕಲಿತದ್ದು ಅದೇ 2020ರಲ್ಲಿ. ಅವರು ಗಿರಾಕಿಗಾಗಿ ಕನ್ನಡ ಕಲಿತರು, ಸರಿ. ಗಿರಾಕಿ ತರುವವನಿಗಾಗಿ ಕಲಿಯಬೇಕಾದವರು ನೀವು. ಕೊಳ್ಳಿ ಎನ್ನುವಾಗ ಕನ್ನಡ, ಕೊಡಬೇಕಾದ ಹಣದ ಷರತ್ತಿಗೆ ಇಂಗ್ಲಿಷ್. ಇದ್ಯಾವ ನ್ಯಾಯ ಸ್ವಾಮಿ?

ಕನ್ನಡದಲ್ಲಿ ಕರಾರು ಬರೆದರೆ ಕಾನೂನಿಗೆ ನಿಲ್ಲುವುದಿಲ್ಲ ಎಂದು ಸಲಹೆಗಾರ ಹೆದರಿಸಬಹುದು. ಮನೆ ಬಾಡಿಗೆ ಕರಾರು, ಜಮೀನಿನ ಕ್ರಯಪತ್ರ ಕನ್ನಡದಲ್ಲಿ ನಿಲ್ಲುತ್ತವೆ, ಕಾಫಿಪುಡಿಯ ಕಮಿಷನ್ ನಿಲ್ಲುವುದಿಲ್ಲವೇ? ಕರ್ನಾಟಕ ಸರ್ಕಾರವೇ 2025ರಲ್ಲಿ ಗಿಗ್ ಕಾರ್ಮಿಕರ ಕಾಯಿದೆ ತಂದಿದೆ. ಊಟ ತಲುಪಿಸುವವರ, ಕ್ಯಾಬ್ ಓಡಿಸುವವರ ಕರಾರು ಸರಳ ಭಾಷೆಯಲ್ಲಿ, ಕನ್ನಡ ಅಥವಾ ಇಂಗ್ಲಿಷ್ ಅಥವಾ ಅವರಿಗೆ ತಿಳಿದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಇರಬೇಕು, ಷರತ್ತು ಬದಲಿಸುವ ಮುನ್ನ 14 ದಿನ ತಿಳಿಸಬೇಕು ಎಂದು. ನಿಮ್ಮ ಲಿಂಕ್ ಹಂಚುವವನು ಆ ಕಾಯಿದೆಯೊಳಗೆ ಬರುವುದಿಲ್ಲ ಎಂದು ವಕೀಲರು ವಾದಿಸಬಹುದು. ವಾದಿಸಲಿ. ಹದಿನಾಲ್ಕು ದಿನ ಸಾಲದು, ನೀವು ಮೂವತ್ತು ದಿನ ಕೊಡಿ, ಯಾರು ಬೇಡವೆನ್ನುತ್ತಾರೆ? ಹಳೆಯ ಗಿರಾಕಿಗಳಿಗೆ ಹಳೆಯ ದರವೇ ಎಂದೂ ಬರೆಯಿರಿ.

ಒಂದೇ ಹಾಳೆ ಸಾಕು. ಎಷ್ಟು ಕೊಡುತ್ತೇವೆ, ಯಾವ ತಾರೀಕಿಗೆ ಕೊಡುತ್ತೇವೆ, ಎಷ್ಟು ತಿಂಗಳು ಕೊಡುತ್ತೇವೆ, ಮಾಲು ವಾಪಸಾದರೆ ಏನು, ದರ ಇಳಿಸುವುದಾದರೆ ಎಷ್ಟು ದಿನ ಮೊದಲು ಹೇಳುತ್ತೇವೆ, ಜಗಳವಾದರೆ ಯಾರನ್ನು ಕಾಣಬೇಕು. ಬರೆದ ಮೇಲೆ ನಿಮ್ಮ ಅಂಗಡಿ ಮುಂದೆ ನಿಲ್ಲುವ ಆಟೋ ಚಾಲಕರೊಬ್ಬರನ್ನು ಕರೆದು, ಒಂದು ಲೋಟ ಕಾಫಿ ಕೊಟ್ಟು, ಅದನ್ನು ಓದಿಸಿ. ಅವರು ಎಲ್ಲಿ ತಡವರಿಸಿದರೋ ಆ ಸಾಲನ್ನು ಹೊಡೆದು ಹಾಕಿ, ಮತ್ತೆ ಬರೆದು ತೋರಿಸಿ. "ನನಗೂ ಒಂದು ಪದ ಕೊಡ್ರೀ ಸಾಹುಕಾರ್ರೆ" ಎಂದು ಅವರೇ ಕೇಳಿದ ದಿನ ಹಾಳೆಯನ್ನು ಅಚ್ಚಿಗೆ ಕಳಿಸಿ.