‘ನಾಳೆ ಬರುತ್ತದೆ, ಇನ್ಶಾ ಅಲ್ಲಾಹ್’

ಸುರಪುರ ತಾಲೂಕಿನ ದೇವಾಪುರದಲ್ಲಿ ಕಳೆದ ವರ್ಷ ನಮ್ಮ ಹಳೆಯ ಮಣ್ಣಿನ ಮಾಳಿಗೆಯನ್ನು ಕೆಡವಿ ಮೂರು ಕೋಣೆಗಳ ಮನೆ ಕಟ್ಟಲು ಹೊರಟೆವು. ಗುತ್ತಿಗೆದಾರನಿಗೆ ವಹಿಸುವಷ್ಟು ಶಕ್ತಿ ಇರಲಿಲ್ಲ. ಹೀಗಾಗಿ ಇಟ್ಟಂಗಿ, ಉಸುಕು, ಖಡಿ, ಸಿಮೆಂಟ್, ಸರಳುಗಳನ್ನು ನಾವೇ ತರಿಸಿ, ಗೌಂಡಿಗೆ ದಿನಗೂಲಿ ಕೊಟ್ಟು, ತಮ್ಮನೂ ನಾನೂ ಕೈಜೋಡಿಸಿ ಕಟ್ಟಿಸುವುದೆಂದು ತೀರ್ಮಾನಿಸಿದೆವು. ನಮ್ಮ ಕಡೆ ಬಡವರ ಮನೆಗಳು ಏಳುವುದೇ ಹೀಗೆ.

ಗೋಡೆಗಳು ಎದ್ದವು. ಸ್ಲ್ಯಾಬ್ ಮತ್ತು ಗಿಲಾವಿಗೆಂದು ಏಪ್ರಿಲ್ ತಿಂಗಳಲ್ಲಿ ನಾಲ್ಕು ಬ್ರಾಸ್ ಉಸುಕಿನ ಪೂರ್ತಿ ಹಣವನ್ನು ಮುಂಗಡವಾಗಿ ಕೊಟ್ಟೆವು. ಪಡೆದವರು ನಮ್ಮದೇ ಮಸೀದಿಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ನಿಂತು ನಮಾಝ್ ಮಾಡುವವರು. ಒಂದು ವಾರ ಎಂದರು. ವಾರ ಕಳೆಯಿತು. ಕೇಳಿದಾಗಲೆಲ್ಲ ಒಂದೇ ಉತ್ತರ: ‘ನಾಳೆ ಬರುತ್ತದೆ, ಇನ್ಶಾ ಅಲ್ಲಾಹ್.’ ಮೇ ಕೊನೆಯಲ್ಲಿ ಒಂದೇ ಒಂದು ಬ್ರಾಸ್ ಬಂತು. ಅಷ್ಟರಲ್ಲಿ ಸ್ಲ್ಯಾಬ್ ಮುಗಿಯುವುದಿಲ್ಲ, ಅರ್ಧಕ್ಕೆ ನಿಂತರೆ ಬೆಸುಗೆಯಾಗದ ಜಾಗದಲ್ಲಿ ಮುಂದೆ ನೀರು ಸೋರುತ್ತದೆ ಎಂದು ಗೌಂಡಿ ಕೈಹಾಕಲಿಲ್ಲ. ಅವನ ಮಾತು ಸರಿಯಾಗಿತ್ತು. ಸೆಂಟ್ರಿಂಗ್ ಸಾಮಾನಿನ ಬಾಡಿಗೆ ದಿನದಿನಕ್ಕೂ ಏರುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು. ವಯಸ್ಸಾದ ತಂದೆ ತಾಯಿ ತಾಡಪತ್ರಿಯ ಕೆಳಗೆ ರಾತ್ರಿಗಳನ್ನು ಕಳೆದರು. ನೆರೆಮನೆಯಲ್ಲಿ ಒಟ್ಟಿದ್ದ ಸಿಮೆಂಟ್ ಚೀಲಗಳ ಕೆಳಸಾಲು ತೇವಕ್ಕೆ ಗಟ್ಟಿಯಾಯಿತು.

ಒಂದು ರಾತ್ರಿ ಅಬ್ಬಾ ಕೇಳಿದರು: ‘ಹಣ ಕೊಟ್ಟ ದಿನ ಏನಾದರೂ ಬರೆಸಿಕೊಂಡೆಯಾ, ಬೇಟಾ?’ ನನ್ನಲ್ಲಿ ಉತ್ತರವಿರಲಿಲ್ಲ. ಏಳು ವರ್ಷ ಮದ್ರಸದಲ್ಲಿ ಓದಿದವನು ನಾನು. ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಯಾವುದೆಂದು ಯಾರೇ ಕೇಳಿದರೂ ಅಲ್‌ಬಕರಾ ಅಧ್ಯಾಯದ 282ನೆಯದೆಂದು ಥಟ್ಟನೆ ಹೇಳಬಲ್ಲೆ. ಆ ವಚನದ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ. ಅವಧಿಯಿಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂಬುದೇ ಅದರ ವಿಷಯ. ಅದನ್ನು ಬಾಯಿಪಾಠ ಮಾಡಿದ್ದ ನಾನು, ಜೊತೆಯಲ್ಲಿ ನಮಾಝ್ ಮಾಡುವವರ ಬಳಿ ಚೀಟಿ ಕೇಳಲು ನಾಚಿಕೊಂಡಿದ್ದೆ.

ಈ ನಾಚಿಕೆ ನನ್ನೊಬ್ಬನದಲ್ಲ. ‘ಅವರು ನಮ್ಮವರು, ಬರೆಸಿಕೊಂಡರೆ ನಂಬಿಕೆ ಇಲ್ಲ ಎಂದಾಗುತ್ತದೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಆದರೆ ವಚನದ ಆಶಯ ಇದಕ್ಕೆ ವಿರುದ್ಧವಾದುದು. ಬರಹವು ಸಂಶಯಕ್ಕೆ ಅವಕಾಶವಿಲ್ಲದಂತೆ ಮಾಡುತ್ತದೆ, ಸಂಬಂಧವನ್ನು ಉಳಿಸುತ್ತದೆ. ಅಂದು ಒಂದು ಚೀಟಿ ಇದ್ದಿದ್ದರೆ ಇಂದು ನಾವಿಬ್ಬರೂ ಮಸೀದಿಯ ಅಂಗಳದಲ್ಲಿ ಮುಖ ತಪ್ಪಿಸಿ ನಡೆಯುವ ಪ್ರಸಂಗ ಬರುತ್ತಿರಲಿಲ್ಲ.

ಇನ್ನೂ ಗಂಭೀರವಾದ ಒಂದು ಅಂಶವಿದೆ. ಪೂರ್ತಿ ಬೆಲೆಯನ್ನು ಮೊದಲೇ ಕೊಟ್ಟು ಸರಕನ್ನು ಮುಂದೆ ಪಡೆಯುವ ವ್ಯಾಪಾರವನ್ನು ಇಸ್ಲಾಮೀ ಕರ್ಮಶಾಸ್ತ್ರವು ‘ಸಲಮ್’ ಎನ್ನುತ್ತದೆ. ಪ್ರವಾದಿ(ಸ)ರು ಮದೀನಕ್ಕೆ ಬಂದಾಗ ಅಲ್ಲಿಯ ಜನರು ಹಣ್ಣುಗಳಿಗೆ ಒಂದೆರಡು ವರ್ಷ ಮುಂಚಿತವಾಗಿ ಹಣ ಕೊಡುತ್ತಿದ್ದರು. ಅವರು ಅದನ್ನು ನಿಷೇಧಿಸಲಿಲ್ಲ. ಅಳತೆ, ತೂಕ ಮತ್ತು ಅವಧಿ ಈ ಮೂರೂ ನಿಗದಿಯಾಗಿರಬೇಕೆಂದು ವಿಧಿಸಿದರು. ಕೊಡಬೇಕಾದ ಸಮಯದಲ್ಲಿ ಆ ಸರಕು ಸಾಮಾನ್ಯವಾಗಿ ದೊರೆಯುವಂತಿರಬೇಕು ಎಂಬುದು ಕರ್ಮಶಾಸ್ತ್ರಜ್ಞರು ಹೇಳಿದ ಶರತ್ತು. ಸರಕು ಸಿಗದೆ ಹೋದರೆ ಕಾಯುವುದೋ ಹಣ ಹಿಂಪಡೆಯುವುದೋ ಎಂಬ ಆಯ್ಕೆ ಕೊಂಡವನದು. ಸಾವಿರ ವರ್ಷಗಳ ಹಿಂದಿನ ಗ್ರಂಥಗಳಲ್ಲಿರುವ ಈ ನಿಯಮಗಳನ್ನು ನಮ್ಮ ಉಸುಕಿನ ವ್ಯಾಪಾರಕ್ಕೆ ಹಚ್ಚಿ ನೋಡಿ.

ನಮ್ಮ ಜಿಲ್ಲೆಗೆ ಸಾಮಗ್ರಿಯ ಬರಗಾಲವಿಲ್ಲ. ದಕ್ಷಿಣಕ್ಕೆ ಕೃಷ್ಣೆ, ಇತ್ತ ಭೀಮೆ. ಪಕ್ಕದ ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು. ನೆಲಕ್ಕೆ ಹಾಸಲು ಶಹಾಬಾದಿನ ಫರ್ಸಿ. ಆದರೂ ಕಾಯುವುದು ತಪ್ಪುವುದಿಲ್ಲ. ಇದಕ್ಕೆ ನಿಜವಾದ ಕಾರಣಗಳೂ ಇವೆ. ಸಣ್ಣ ಗಣಿ ಗುತ್ತಿಗೆಗಳಿಗೂ ಪರಿಸರ ಅನುಮತಿ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಆದೇಶಿಸಿತು. ಕೇಂದ್ರ ಪರಿಸರ ಸಚಿವಾಲಯದ 2016ರ ಮಾರ್ಗಸೂಚಿಯು ಮಳೆಗಾಲದಲ್ಲಿ ನದಿಪಾತ್ರದಿಂದ ಉಸುಕು ತೆಗೆಯಬಾರದೆನ್ನುತ್ತದೆ. ನದಿಗಳ ಉಳಿವಿಗೆ ಇವು ಬೇಕಾದ ಕ್ರಮಗಳೇ. ಜೊತೆಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ನಮ್ಮ ಭಾಗದಲ್ಲಿ ಭತ್ತದ ರಾಶಿಯ ದಿನಗಳು ಬಂದರೆ ಟ್ರ್ಯಾಕ್ಟರ್‌ಗಳೆಲ್ಲ ಹೊಲಗದ್ದೆಗಳತ್ತ ಹೋಗುತ್ತವೆ.

ಆದರೆ ಇವೆಲ್ಲ ವ್ಯಾಪಾರಿಗೆ ಮೊದಲೇ ತಿಳಿದ ಸಂಗತಿಗಳಲ್ಲವೇ? ರಾಶಿಯೂ ಮಳೆಗಾಲವೂ ವರ್ಷ ವರ್ಷ ಬರುತ್ತವೆ. ತಿಳಿದೂ ‘ಒಂದು ವಾರ’ ಎಂದು ಹಣ ಪಡೆದು, ಅದನ್ನು ಹಿಂದಿನ ಗಿರಾಕಿಯ ಸರಕಿಗೆ ತಿರುಗಿಸಿ, ನಮ್ಮ ಸರಕಿಗೆ ಮುಂದಿನ ಗಿರಾಕಿಯ ಹಣವನ್ನು ಕಾಯುವುದಾದರೆ, ಅದು ಕಷ್ಟವಲ್ಲ, ವಂಚನೆ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಿರೆಂದು ಕುರ್‌ಆನ್ ಕಲಿಸುತ್ತದೆ. ಕೊಡಬಲ್ಲವನು ಸತಾಯಿಸುವುದು ಅನ್ಯಾಯವೆಂದು ಪ್ರವಾದಿ(ಸ)ರು ಹೇಳಿದ್ದಾರೆ. ಇಬ್ಬರ ನಡುವಿನ ವ್ಯತ್ಯಾಸವನ್ನು ತಿಳಿಸುವುದು ಒಂದೇ ಸಂಗತಿ: ಸತ್ಯವನ್ನು ಸಕಾಲದಲ್ಲಿ ಹೇಳಿದನೇ? ‘ಈ ತಿಂಗಳು ಆಗುವುದಿಲ್ಲ, ಬೇಕಿದ್ದರೆ ಹಣ ಹಿಂತೆಗೆದುಕೊಳ್ಳಿ’ ಎಂದವನ ಮೇಲೆ ಯಾರಿಗೂ ಮುನಿಸಿಲ್ಲ.

ಇಲ್ಲಿ ಅತ್ಯಂತ ನೋವಿನ ವಿಷಯ ‘ಇನ್ಶಾ ಅಲ್ಲಾಹ್’ ಎಂಬ ಪವಿತ್ರ ಪದದ ಗತಿ. ನಾಳೆ ಮಾಡುತ್ತೇನೆ ಎನ್ನುವಾಗ ಅಲ್ಲಾಹನಿಚ್ಛೆಯನ್ನು ನೆನೆಯಬೇಕೆಂದು ಅಲ್‌ಕಹ್ಫ್ ಅಧ್ಯಾಯವು ಕಲಿಸುತ್ತದೆ. ಅದು ಮನುಷ್ಯನ ವಿನಯದ ಮಾತು, ದೃಢ ಸಂಕಲ್ಪದ ಮಾತು. ನಾವು ಅದನ್ನು ತಪ್ಪಿಸಿಕೊಳ್ಳುವ ಕಿಂಡಿಯನ್ನಾಗಿ ಮಾಡಿಕೊಂಡೆವು. ನಮ್ಮ ಊರಿನ ಮುಸ್ಲಿಮೇತರ ಗಿರಾಕಿಗಳಿಗೂ ಈಗ ಆ ಪದದ ಅರ್ಥ ‘ಆಗುವುದಿಲ್ಲ’ ಎಂದಾಗಿದೆ. ಧರ್ಮಪ್ರಚಾರದ ಬಗ್ಗೆ ಭಾಷಣ ಮಾಡುವ ನಾವು ಈ ಒಂದು ಪದದಿಂದ ಆಗುತ್ತಿರುವ ಅಪಪ್ರಚಾರವನ್ನು ಗಮನಿಸಿದ್ದೇವೆಯೇ?

ವಿಳಂಬದ ಬೆಲೆಯನ್ನು ತೆರುವವರು ಯಾರು? ಮನೆಯೊಡೆಯ ಮಾತ್ರವಲ್ಲ. ನಮ್ಮ ಗೌಂಡಿ ಬೇರೆ ಕೆಲಸ ಹಿಡಿಯದೆ ನಮಗಾಗಿ ಹದಿನೆಂಟು ದಿನ ಕಾದ. ಕೂಲಿಯಿಲ್ಲದ ಆ ದಿನಗಳಲ್ಲಿ ಅವನ ಹೆಂಡತಿ ಸಂಘದ ಸಾಲ ಎತ್ತಿದಳು. ಇಂತಹ ಸಣ್ಣ ಸಾಲಗಳ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡ್ಡಿಯ ವಿರುದ್ಧ ನಾವು ಆಡುವ ಮಾತು ಸರಿಯಾದುದೇ. ಆದರೆ ನಮ್ಮ ಮಾತುಗೇಡಿತನವೇ ಒಬ್ಬ ಬಡವನನ್ನು ಬಡ್ಡಿಯ ಬಾಗಿಲಿಗೆ ತಳ್ಳಿದರೆ ಆ ಪಾಪದಲ್ಲಿ ನಮ್ಮ ಪಾಲೆಷ್ಟು?

ಸರಕಾರವೂ ಹೊಣೆಯಿಂದ ಹೊರತಲ್ಲ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯು ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನವನ್ನು ಹಂತ ಹಂತವಾಗಿ ಕೊಡುತ್ತದೆ. ಕಟ್ಟಡ ಮೇಲೇಳದೆ ಮುಂದಿನ ಕಂತಿಲ್ಲ, ಕಂತು ಬಾರದೆ ಸಾಮಗ್ರಿಯಿಲ್ಲ. ಈ ಸುಳಿಯಲ್ಲಿ ಸಿಕ್ಕ ಫಲಾನುಭವಿಗೆ ಮಳೆಗಾಲಕ್ಕೆ ಮುಂಚೆ ನಿಗದಿತ ಬೆಲೆಯಲ್ಲಿ ಉಸುಕು ಒದಗಿಸುವುದು ಜಿಲ್ಲಾಡಳಿತಕ್ಕೆ ಅಸಾಧ್ಯವೇನಲ್ಲ. ಬೀದಿಗೆ ರಸ್ತೆ ಕೇಳುವ ನಾವು ಗ್ರಾಮಸಭೆಯಲ್ಲಿ ಇದನ್ನೂ ಕೇಳಬೇಕು.

ಕಾನೂನಿನ ರಕ್ಷಣೆಯೂ ಇದೆ. ಸರಕನ್ನು ಕಳಿಸುವ ಹೊಣೆ ಹೊತ್ತ ಮಾರಾಟಗಾರನು, ಅವಧಿ ನಿಗದಿಯಾಗಿರದಿದ್ದರೂ, ಸಮಂಜಸ ಸಮಯದೊಳಗೆ ಕಳಿಸಬೇಕೆಂದು 1930ರ ಸರಕು ಮಾರಾಟ ಕಾಯಿದೆ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಅಲ್ಲಿಯೂ ಮೊದಲ ಪ್ರಶ್ನೆ ಅಬ್ಬಾ ಕೇಳಿದ್ದೇ: ಏನಾದರೂ ಬರೆಸಿಕೊಂಡಿದ್ದೀರಾ?

ನಮ್ಮ ಸ್ಲ್ಯಾಬ್ ಕೊನೆಗೆ ನವೆಂಬರ್‌ನಲ್ಲಿ ಬಿತ್ತು. ಉಳಿದ ಉಸುಕಿಗೆ ಹೆಚ್ಚಿನ ಬೆಲೆ ಕೇಳಿದಾಗ ಊರಿನ ಇಬ್ಬರು ಹಿರಿಯರು ನಡುವೆ ಕುಳಿತು ಹಳೆಯ ಬೆಲೆಗೇ ಒಪ್ಪಿಸಿದರು. ಅವರು ಮೊದಲು ಮಾಡಿದ ಕೆಲಸವೆಂದರೆ ಒಂದು ಹಾಳೆ ತರಿಸಿದ್ದು. ಎಷ್ಟು ಬ್ರಾಸ್, ಯಾವ ಬೆಲೆ, ಯಾವ ತಾರೀಖು, ತಪ್ಪಿದರೆ ಹಣ ಎಂದು ಹಿಂತಿರುಗಬೇಕು ಎಂಬ ನಾಲ್ಕು ಸಾಲು, ಕೆಳಗೆ ಸಾಕ್ಷಿಗಳ ಸಹಿ. ಅದರಂತೆ ಮೂರು ಬ್ರಾಸ್ ಉಸುಕು ಹೇಳಿದ ದಿನವೇ ಬಂದಿತು.

ಈ ಹಾಳೆ ಪ್ರತಿ ಮಸೀದಿಯ ಕಪಾಟಿನಲ್ಲಿ ಏಕಿರಬಾರದು? ಆಡಳಿತ ಸಮಿತಿಯು ಅಚ್ಚು ಹಾಕಿಸಿಟ್ಟರೆ ಕೊಳ್ಳುವವನಿಗೆ ಕೇಳಲು ಸಂಕೋಚವಿಲ್ಲ, ಮಾರುವವನಿಗೆ ಅವಮಾನವಿಲ್ಲ. ಜುಮಾ ಭಾಷಣದಲ್ಲಿ ವರ್ಷಕ್ಕೊಮ್ಮೆಯಾದರೂ 282ನೆಯ ವಚನ ಕೇಳಿಬರಲಿ. ಇನ್ನು ಗೌಂಡಿಯ ಆ ಹದಿನೆಂಟು ದಿನಗಳ ಲೆಕ್ಕ. ಅವನು ಕೇಳಲಿಲ್ಲ, ವ್ಯಾಪಾರಿ ಕೊಡಲಿಲ್ಲ. ಕಾಯಿಸಿದವನು ನಾನು. ಅರ್ಧ ತೀರಿಸಿದ್ದೇನೆ, ಉಳಿದರ್ಧಕ್ಕೆ ತಾರೀಖು ಬರೆದು ಅವನ ಕೈಗೆ ಕೊಟ್ಟಿದ್ದೇನೆ.