ಮುಂದಕ್ಕೆ ಒಯ್ಯಿರಿ ಅನ್ನುವವರು ಬರೆದು ಕೊಡಲಿ



ನಮ್ಮ ಕಡೆ ದವಾಖಾನೆಗಳಲ್ಲಿ ಒಂದು ಮಾತು ಬಹಳ ಅಗ್ಗವಾಗಿದೆ. ‘ಇಲ್ಲಿ ಆಗೂದಿಲ್ಲ, ಮುಂದಕ್ಕ ಒಯ್ಯಿರಿ.’ ಎಲ್ಲಿಗ್ರಿ ಅಂದರೆ ‘ಹುಬ್ಬಳ್ಳಿಗೆ’. ಹುಬ್ಬಳ್ಳಿಯಲ್ಲಿ ಯಾರ ಹತ್ತಿರ? ಅಲ್ಲಿ ಹಾಸಿಗೆ ಖಾಲಿ ಇದೆಯೋ ಇಲ್ಲವೋ? ಇಲ್ಲಿ ಏನೇನು ಇಂಜೆಕ್ಷನ್ ಕೊಟ್ಟಿರಿ? ದಾರಿಯಲ್ಲಿ ಉಸಿರು ಹಿಡಿದರೆ ಏನು ಮಾಡೋಣ? ಇದನ್ನೆಲ್ಲ ಕೇಳುವ ಧೈರ್ಯ ನಮಗಿಲ್ಲ, ಕೇಳದಿದ್ದರೆ ಹೇಳುವ ಪುರಸೊತ್ತು ಅವರಿಗಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ನಮ್ಮ ಜನಕ್ಕೆ ಬೇನೆಗಿಂತ ದಾರಿಯೇ ದೊಡ್ಡ ಗಂಡಾಂತರ ಆಗಿದೆ.

ಹೋದ ಮಳೆಗಾಲದಲ್ಲಿ ನಡೆದದ್ದು ಹೇಳುತ್ತೇವೆ. ಯಾವ ಊರು, ಯಾವ ದವಾಖಾನೆ ಅಂತ ಬರೆಯುವುದಿಲ್ಲ. ಬರೆದರೆ ಒಬ್ಬ ಸಿಸ್ಟರಮ್ಮನ ತಲೆಯ ಮೇಲೆ ಬಂದು ಕೂತು, ಉಳಿದವರೆಲ್ಲ ಪಾರಾಗುತ್ತಾರೆ.

ನಮ್ಮ ಕೇರಿಯ ಅಕ್ಕ ಒಬ್ಬಾಕೆ ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಹಾವು ಕಚ್ಚಿತು. ಕೊಳಕುಮಂಡಲ. ಟಂಟಂ ಮಾಡಿಕೊಂಡು ಮೊದಲನೇ ದವಾಖಾನೆಗೆ ಒಯ್ದೆವು. ಸಲೈನ್ ಏರಿಸಿದರು, ಅದರೊಳಗೆ ಒಂದಿಷ್ಟು ಔಷಧ ಹಾಕಿದರು, ‘ಮುಂದಕ್ಕ ಒಯ್ಯಿರಿ’ ಅಂದರು. ಎರಡನೇ ಕಡೆ ಇನ್ನೊಂದಿಷ್ಟು ಹಾಕಿದರು, ಅವರೂ ‘ಮುಂದಕ್ಕ’ ಅಂದರು. ಮೂರನೇ ಕಡೆ ಮುಟ್ಟುವಾಗ ರಾತ್ರಿ ಆಗಿತ್ತು, ಅಕ್ಕನ ಒಸಡಿನಿಂದ ರಕ್ತ ಬರುತ್ತಿತ್ತು. ಅಲ್ಲಿನ ಡಾಕ್ಟರು ಕೇಳಿದ್ದು ಮೂರೇ ಮಾತು. ಕಚ್ಚಿದ್ದು ಎಷ್ಟು ಹೊತ್ತಿಗೆ? ಹಾವಿನ ಔಷಧ ಎಷ್ಟು ಬಾಟ್ಲಿ ಹಾಕ್ಯಾರ? ಕಡೀ ಬಾಟ್ಲಿ ಯಾವಾಗ ಹಾಕಿದ್ರು? ನಾವು ಐದು ಮಂದಿ ಇದ್ದೆವು. ಐವರೂ ಒಬ್ಬರ ಮುಖ ಒಬ್ಬರು ನೋಡಿದೆವು. ‘ಚೀಟಿ ಎಲ್ಲಿ?’ ಅಂದರು. ‘ಚೀಟಿ ಕೊಡಲಿಲ್ರಿ ಸಾಹೇಬ್ರ.’

ಅಕ್ಕನ ತಮ್ಮ ಅಂಗಿಯ ಕಿಸೆಯಿಂದ ಒಂದು ಸಣ್ಣ ರಟ್ಟಿನ ಡಬ್ಬಿ ತೆಗೆದ. ಎರಡನೇ ದವಾಖಾನೆಯಲ್ಲಿ ಕೆಳಗೆ ಬಿದ್ದಿತ್ತಂತೆ, ಮಗಳಿಗೆ ಆಟಕ್ಕಾಗ್ತದ ಅಂತ ಎತ್ತಿಟ್ಟುಕೊಂಡಿದ್ದ. ಡಾಕ್ಟರು ಅದನ್ನು ದೀಪಕ್ಕೆ ಹಿಡಿದು ಓದಿದರು. ಔಷಧ ಹಾವಿನದೇ ಅಂತ ಖಾತ್ರಿ ಆಯಿತು. ಎಷ್ಟು ಬಾಟ್ಲಿ ಅನ್ನುವುದು ಆ ಡಬ್ಬಿಗೂ ಗೊತ್ತಿರಲಿಲ್ಲ. ಮತ್ತೆ ಗಾಜಿನ ನಳಿಗೆಯಲ್ಲಿ ರಕ್ತ ತೆಗೆದು, ಅದು ಹೆಪ್ಪುಗಟ್ಟುತ್ತದೋ ಇಲ್ಲವೋ ಅಂತ 20 ನಿಮಿಷ ಕಾದರು. ಅಲ್ಲಿಂದ ಲೆಕ್ಕ ಹೊಸದಾಗಿ ಶುರು. ಅಕ್ಕ ಬದುಕಿದಳು. ಆದರೆ ಮೂತ್ರಪಿಂಡ ಕೆಟ್ಟು ಎಷ್ಟೋ ದಿನ ಡಯಾಲಿಸಿಸ್ ಮೇಲಿದ್ದಳು. ಈಗ ಕಳೆ ತೆಗೆಯಲು ಹೋಗುವ ತ್ರಾಣ ಇಲ್ಲ. ಕೂಲಿಯೇ ಇಲ್ಲ ಅಂದಂಗಾಯ್ತು.

ಹಾವು ಕಚ್ಚಿದವರಿಗೆ ಮೊದಲು ಮುಟ್ಟಿದ ಕಡೆಯೇ ಔಷಧ ಶುರು ಮಾಡಿ, ಆಮೇಲೆ ಕಳಿಸಬೇಕು ಅನ್ನುವುದು ವೈದ್ಯರೇ ಒಪ್ಪಿದ ಪದ್ಧತಿ. ಆ ಔಷಧ ಬಾಟ್ಲಿ ಎಣಿಸಿ ಕೊಡುವಂಥದ್ದು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಅಂದರೆ ಸರಕಾರಕ್ಕೆ ಬರೆಯಲೇಬೇಕು. ಸರಕಾರಕ್ಕೆ ಬರೆಯುವ ಕೈ ನಮ್ಮ ಅಕ್ಕನ ಕೈಗೂ ನಾಲ್ಕು ಸಾಲು ಬರೆದುಕೊಟ್ಟರೆ ಏನು ಸವೆಯುತ್ತದೆ?

ಊರ ಗೌಡರ ಮನೆಯವರಿಗೆ ಎದೆ ನೋವು ಬಂದರೆ ಏನಾಗುತ್ತದೆ ಅಂತ ನಾವು ನೋಡಿಲ್ಲವೇ? ಇಲ್ಲಿನ ಡಾಕ್ಟರು ಅಲ್ಲಿನ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಗಾಡಿ ಮುಟ್ಟುವ ಹೊತ್ತಿಗೆ ಸ್ಟ್ರೆಚರ್ ಬಾಗಿಲಲ್ಲಿ ನಿಂತಿರುತ್ತದೆ. ಅದು ತಪ್ಪಲ್ಲ. ಅದೇ ಸರಿಯಾದ ಕ್ರಮ. ಆ ಫೋನು ನಮಗೆ ಯಾಕೆ ಹೋಗುವುದಿಲ್ಲ ಅನ್ನುವುದೇ ನಮ್ಮ ತಕರಾರು.

ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1929ರ ಒಂದು ಸಂಗತಿ ದಾಖಲಿಸಿದ್ದಾರೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರರ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಳು. ಸವರ್ಣ ಡಾಕ್ಟರು ಕೇರಿಯೊಳಗೆ ಕಾಲಿಡಲು ಒಪ್ಪಲಿಲ್ಲ. ಬಾಣಂತಿಯನ್ನೇ ಕೇರಿಯ ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟರು, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ. ಮರಳಿದ್ದೂ ಅದೇ ದಾರಿಯಲ್ಲಿ. ಆಕೆ ಉಳಿಯಲಿಲ್ಲ. ಇವತ್ತು ಥರ್ಮಾಮೀಟರು ನೇರವಾಗಿ ನಮ್ಮ ಹತ್ತಿರ ಬರುತ್ತದೆ, ಸುಳ್ಳು ಹೇಳಬಾರದು. ಈಗ ಕೈಯಿಂದ ಕೈಗೆ ದಾಟುತ್ತಿರುವವರು ನಾವೇ.

ಇದಕ್ಕೆ ಕಾನೂನು ಇಲ್ಲ ಅಂತ ತಿಳಿಯಬೇಡಿ. ಹಕೀಮ್ ಶೇಖ್ ಅನ್ನುವವರು ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘದ ಸದಸ್ಯರು. 1992ರ ಜುಲೈ 8ರ ಸಂಜೆ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರುವಾಗಿ ಕಲ್ಕತ್ತಾದ ಒಂದು ಸರಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದರು. ಒಂದು ಕಡೆ ಹಾಸಿಗೆ ಇಲ್ಲ, ಇನ್ನೊಂದು ಕಡೆ ಸೌಕರ್ಯ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಗೆ ಸುಮಾರು 17,000 ರೂಪಾಯಿ ತೆತ್ತು ಬದುಕಿದರು. ಅವರ ಸಂಘ ಸುಮ್ಮನೆ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ತೀರ್ಪು ಬಂತು: ತುರ್ತು ಚಿಕಿತ್ಸೆ ಸಿಗದೆ ಹೋದದ್ದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣ ಇಲ್ಲ ಅಂತ ಸರಕಾರ ಕೈ ತೊಳೆದುಕೊಳ್ಳುವಂತಿಲ್ಲ. ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿದರು. ಹಾಸಿಗೆ ಎಲ್ಲಿ ಖಾಲಿ ಇದೆ ಅಂತ ಮೊದಲೇ ತಿಳಿದು ರೋಗಿಯನ್ನು ಅಲ್ಲಿಗೇ ಕಳಿಸುವ ಸಂಪರ್ಕ ವ್ಯವಸ್ಥೆ ಇರಬೇಕು, ಕೆಳಗಿನ ಆಸ್ಪತ್ರೆಯಿಂದ ಮೇಲಿನದಕ್ಕೆ ಸಲಕರಣೆ, ಸಿಬ್ಬಂದಿ ಸಮೇತ ಆಂಬುಲೆನ್ಸ್ ಇರಬೇಕು ಅಂತಲೂ ಹೇಳಿದರು. ಒಬ್ಬ ಕೂಲಿಕಾರನಿಗಾಗಿ ಕೂಲಿಕಾರರ ಸಂಘ ಗೆದ್ದು ತಂದದ್ದು ಇದು. ನಮ್ಮ ಎಷ್ಟು ಸಭೆಗಳಲ್ಲಿ ಈ ಹೆಸರು ಬಂದಿದೆ? ನಮಗೂ ನಾಚಿಕೆ ಆಗಬೇಕು.

ಹಾವೇರಿ 1997ರಲ್ಲಿ ಜಿಲ್ಲೆ ಆಯಿತು, ಈಗ ಸರಕಾರಿ ಮೆಡಿಕಲ್ ಕಾಲೇಜೂ ಬಂದಿದೆ. ಆದರೆ ಬೇನೆ ಜಿಲ್ಲೆಯ ಗಡಿ ನೋಡುವುದಿಲ್ಲ. ಶಿಗ್ಗಾಂವಿ, ಸವಣೂರಿನವರು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಹಿರೇಕೆರೂರಿನವರು ದಾವಣಗೆರೆ ಇಲ್ಲವೆ ಶಿವಮೊಗ್ಗ ಅನ್ನುತ್ತಾರೆ. ಹಾನಗಲ್ಲಿನ ಕಾಡಂಚಿನವರು ಶಿರಸಿ ಹಾದಿ ಹಿಡಿಯುತ್ತಾರೆ. ಎಲ್ಲಿಗೆ ಹೋದರೂ ಹಿಂದಿನ ಕಥೆ ಹೇಳುವುದು ಕೈಯಲ್ಲಿರುವ ಕಾಗದ ಒಂದೇ.

ಕಾಗದದಲ್ಲೂ ಒಂದು ಮೋಸ ಇದೆ. ಕೂಲಿ ತಪ್ಪಿತು, ರೊಕ್ಕ ಮುಗೀತು, ಮನೀಗೆ ಒಯ್ತೀವಿ ಅಂದಾಗ ಒಂದು ಹಾಳೆ ತಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ ನಾವೇ ಒಯ್ಯುತ್ತಿದ್ದೇವೆ’ ಅಂತ ಅದರಲ್ಲಿರುತ್ತದೆ. ಕೆಲವು ಸಲ ಅವರೇ ‘ಬೇರೆ ಕಡೆ ಒಯ್ಯಿರಿ’ ಅಂದಿರುತ್ತಾರೆ, ಹಾಳೆ ಮಾತ್ರ ಇದೇ. ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರು ನಮ್ಮ ಅಜ್ಜಂದಿರು. ಓದಿಸಿ ಕೇಳದೆ ಒತ್ತಬೇಡಿ. ಅವರೇ ಕಳಿಸುವುದಾದರೆ ‘ನಾವು ಕಳಿಸುತ್ತಿದ್ದೇವೆ, ಕಾರಣ ಇಂಥದ್ದು’ ಅಂತ ಬರೆಯಲಿ.

ಎಲ್ಲ ತಪ್ಪೂ ದವಾಖಾನೆಯವರದೇ ಅಂತ ನಾವು ಬರೆಯುವುದಿಲ್ಲ. ಒಬ್ಬರೇ ಡಾಕ್ಟರು, ಹೊರಗೆ ನೂರು ಮಂದಿ. ಇಲ್ಲಿ ಸತ್ತರೆ ಜನ ಹೊಡೆಯುತ್ತಾರೆ ಅನ್ನುವ ಹೆದರಿಕೆಯಿಂದಲೂ ‘ಮುಂದಕ್ಕೆ’ ಅನ್ನುತ್ತಾರೆ. ನಾವೂ ಕಡಿಮೆ ಇಲ್ಲ. ಮೊದಲು ನಾಟಿ ಮದ್ದು, ಆಮೇಲೆ ಊರಿನ ಇಂಜೆಕ್ಷನ್ ಡಾಕ್ಟರು, ಆಮೇಲೆ ದವಾಖಾನೆ. ಅಲ್ಲಿ ಹಿಂದಿನ ಎರಡನ್ನೂ ಮುಚ್ಚಿಡುತ್ತೇವೆ. ಚೀಟಿಯಲ್ಲಿ ಮಂಡಕ್ಕಿ ಕಟ್ಟುತ್ತೇವೆ. ಬಿಡುಗಡೆ ಆಗಿ ಬಂದ ಮೇಲೂ ಗಂಡಾಂತರ ತಪ್ಪಿದ್ದಲ್ಲ. ದೊಡ್ಡಾಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಗೆ ಒಂದು ಗುಳಿಗೆ ಕೊಟ್ಟಿರುತ್ತಾರೆ, ಊರಿನ ಆರೋಗ್ಯ ಕೇಂದ್ರದಲ್ಲಿ ಅದೇ ಔಷಧ ಬೇರೆ ಹೆಸರಿನ ಹಾಳೆಯಲ್ಲಿ ಸಿಗುತ್ತದೆ. ನಮ್ಮ ಮುದುಕರು ಎರಡನ್ನೂ ನುಂಗುತ್ತಾರೆ. ಬೆಳಗಿನ ಜಾವ ಬೆವರಿ ಎಚ್ಚರ ತಪ್ಪಿದರೆ ದೆವ್ವ ಬಡೀತು ಅನ್ನುತ್ತೇವೆ. ಹೋದಲ್ಲೆಲ್ಲ ಎಲ್ಲ ಗುಳಿಗೆಗಳನ್ನೂ ಚೀಲ ಸಮೇತ ಒಯ್ದು ಮೇಜಿನ ಮೇಲೆ ಸುರಿಯಿರಿ. ಯಾವುದು ಬಿಡಬೇಕು, ಯಾವುದು ಮುಂದುವರಿಸಬೇಕು ಅಂತ ಕೇಳಿರಿ.

ಕೇಳಬೇಕಾದ ಮಾತು ಬಹಳಿಲ್ಲ. ಕಾಯಿಲೆ ಏನು ಅಂತ ಅನುಮಾನ, ಯಾವ ಔಷಧ ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ, ಯಾಕೆ ಕಳಿಸುತ್ತೀರಿ, ಎಲ್ಲಿಗೆ, ಅಲ್ಲಿಗೆ ಫೋನ್ ಮಾಡಿದಿರಾ. ಇಷ್ಟು ಬರೆದು ಸಹಿ ಹಾಕಿಸಿ. ಜೀವಕ್ಕೆ ಬಂದಾಗ ಚೀಟಿಗಾಗಿ ರೋಗಿಯನ್ನು ತಡೆದು ಹಟ ಮಾಡಬೇಡಿ. ಗಾಡಿ ಹೊರಡಲಿ, ಒಬ್ಬ ಹಿಂದೆ ನಿಂತು ಚೀಟಿ ಬರೆಸಿ ಮೊಬೈಲಿನಲ್ಲಿ ಫೋಟೋ ಕಳಿಸಲಿ. ಗಾಡಿ ಇಲ್ಲ ಅಂದರೆ 108 ಕೇಳಿ. ಬಾಣಂತಿ, ಬಸುರಿ, ಒಂದು ವರ್ಷದೊಳಗಿನ ಕೂಸಿಗೆ ಮನೆಯಿಂದ ಸರಕಾರಿ ದವಾಖಾನೆಗೆ, ಅಲ್ಲಿಂದ ಮೇಲಿನದಕ್ಕೆ, ತಿರುಗಿ ಮನೆಗೆ ಗಾಡಿ ಪುಕ್ಕಟೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಅದು ಇದೆ. ಆಯುಷ್ಮಾನ್ ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಇದ್ದರೆ ಬೇಕಿಲ್ಲ. ಚೀಟಿ ಇಲ್ಲದೆ ಹೋಗಿ ಸಾಲ ಮಾಡಿದವರು ನಮ್ಮಲ್ಲಿ ಇದ್ದಾರೆ. ಒಳರೋಗಿಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನುವುದು ವೈದ್ಯರಿಗೇ 2002ರಿಂದ ಇರುವ ನಿಯಮ.

ಪ್ರತಿ ಕೇರಿಯಲ್ಲಿ ಓದು ಬಲ್ಲ ಇಬ್ಬರು, ಒಬ್ಬ ಹುಡುಗ, ಒಬ್ಬ ಹುಡುಗಿ, ಈ ಕೆಲಸಕ್ಕೆ ನಿಲ್ಲಬೇಕು. ಬರುವ ಸಭೆಗೆ ಬರುವಾಗ ಮನೆಯಲ್ಲಿರುವ ದವಾಖಾನೆಯ ಕಾಗದ, ತಾಯಿ ಕಾರ್ಡು, ಗುಳಿಗೆ ಹಾಳೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಭಾಷಣ ಅರ್ಧ ತಾಸು ಕಡಿಮೆ ಮಾಡಿ, ಕೂತು ಓದೋಣ.