ಹುಟ್ಟಿದ ತಾರೀಖು ಬರೆದವರು ಯಾರು?

ಐಸ್ ಹಾಕಿ ಹುಟ್ಟಿದ್ದು 1875ರ ಮಾರ್ಚ್ 3ರಂದು, ಮಾಂಟ್ರಿಯಲ್‌ನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ ಅನ್ನೋರನ್ನ ಕಂಡರೆ ನನಗೆ ರೇಗುತ್ತೆ. ಅವತ್ತು ನಡೆದದ್ದು ಸೂರಿನಡಿ ಆಡಿದ, ಪೇಪರಿನಲ್ಲಿ ಮೊದಲೇ ಪ್ರಕಟಣೆ ಕೊಟ್ಟ ಒಂದು ಮ್ಯಾಚು. ತಂಡಕ್ಕೆ ಒಂಬತ್ತು ಜನ; ನೋಡೋಕೆ ಬಂದವರಿಗೆ ಪೆಟ್ಟಾಗದಿರಲಿ ಅಂತ ಚೆಂಡಿನ ಬದಲು ಚಪ್ಪಟೆ ಮರದ ಬಿಲ್ಲೆ. ಅದನ್ನು ಏರ್ಪಡಿಸಿದ ಜೇಮ್ಸ್ ಕ್ರೈಟನ್ ಹ್ಯಾಲಿಫ್ಯಾಕ್ಸ್‌ನವನು. ಆ ಸೀಮೆಯಲ್ಲಿ ಕೋಲು ಹಿಡಿದು ಐಸ್ ಮೇಲೆ ಆಡೋದು ಆಗಲೇ ಹಳೇ ವಿಷಯ. ಅಲ್ಲಿನ ಮೂಲನಿವಾಸಿ ಮಿಕ್‌ಮಾಕ್ ಜನ ಮರ ಕೆತ್ತಿ ಮಾಡಿದ ಕೋಲುಗಳನ್ನೇ ಎಷ್ಟೋ ಆಟಗಾರರು ಹಿಡಿದದ್ದು. ಅವರ ಹೆಸರು ಎಲ್ಲಿ ಹೋಯ್ತು?

‘ಸಂಘಟಿತ’ ಆಟ ಮಾತ್ರ ಲೆಕ್ಕಕ್ಕೆ ಅಂತೀರಾ? ಸರಿ. ಅದೇ ಹ್ಯಾಲಿಫ್ಯಾಕ್ಸ್‌ನಲ್ಲಿ 1895ರಲ್ಲಿ ಕಪ್ಪುಜನರ ಬ್ಯಾಪ್ಟಿಸ್ಟ್ ಚರ್ಚುಗಳ ಮುಖಂಡರು ತಮ್ಮದೇ ಲೀಗ್ ಕಟ್ಟಿದರು. ಇವತ್ತಿನ ದೊಡ್ಡಣ್ಣ ಎನ್‌ಎಚ್‌ಎಲ್ ಹುಟ್ಟಿದ್ದು ಅದಾಗಿ 22 ವರ್ಷಕ್ಕೆ, 1917ರಲ್ಲಿ. ಬಿಳಿಯರ ತಂಡಗಳ ಸೀಸನ್ ಮುಗಿದ ಮೇಲೆ, ಐಸ್ ಕರಗೋ ಹೊತ್ತಿಗೆ, ಇವರಿಗೆ ರಿಂಕ್ ಸಿಗ್ತಿತ್ತು. ಆದರೂ ಆಡಿದರು, ಜನ ನೋಡೋಕೂ ಬಂದರು.

ಎನ್‌ಎಚ್‌ಎಲ್‌ನಲ್ಲಿ ಮೊದಲ ಕಪ್ಪು ಆಟಗಾರ ವಿಲ್ಲಿ ಓರೀ ಕಣಕ್ಕಿಳಿದದ್ದು 1958ರಲ್ಲಿ. ಬಾಗಿಲು ತೆರೆದ ಕಥೆ ಅಂತ ಅದನ್ನು ಎಲ್ಲರೂ ಕೊಂಡಾಡ್ತಾರೆ. 41 ವರ್ಷ ಆ ಬಾಗಿಲಿಗೆ ಚಿಲಕ ಹಾಕಿ ಕೂತಿದ್ದವರು ಯಾರು ಸ್ವಾಮಿ?